ಸಿನಿಮಾ ನೋಡಿ ಮನಸ್ಸು ಬದಲಾಯಿತು, ಮತವನ್ನೂ ಬದಲಾಯಿಸಲೇ?

ಪ್ರಶ್ನೆ: ನನಗೆ 21 ವರ್ಷ, ಬಿ.ಕಾಂ. ಕೊನೆಯ ವರ್ಷ. ನಮ್ಮ ಶಾಸಕರು ತೀರಿಕೊಂಡು ಕ್ಷೇತ್ರ ತೆರವಾಗಿದೆ, ಉಪಚುನಾವಣೆ ಬರಲಿದೆ. ವಿಧಾನಸಭೆಗೆ ಇದು ನನ್ನ ಮೊದಲ ಮತ. ಸಿನಿಮಾ ವಿಚಾರದಲ್ಲಿ ನನಗೆ ಗೊಂದಲವೇ ಇಲ್ಲ. ಹತ್ತು ನಿಮಿಷ ನೋಡಿದರೆ ಚೆನ್ನಾಗಿದೆಯೋ ಇಲ್ಲವೋ ಹೇಳಿಬಿಡುತ್ತೇನೆ, ಗೆಳತಿಯರು ನನ್ನನ್ನು ಕೇಳಿಯೇ ಟಿಕೆಟ್ ತೆಗೆಯುತ್ತಾರೆ. ಅಭ್ಯರ್ಥಿಗಳ ವಿಚಾರಕ್ಕೆ ಬಂದರೆ ಯಾರೂ ಇಷ್ಟವಾಗುತ್ತಿಲ್ಲ. ಕಳೆದ ತಿಂಗಳು ಒಬ್ಬ ರಾಜಕಾರಣಿಯ ಬದುಕಿನ ಕುರಿತ ಚಿತ್ರ ನೋಡಿ ಅತ್ತುಬಿಟ್ಟೆ. ಅಲ್ಲಿಯವರೆಗೆ ಆ ಪಕ್ಷವೆಂದರೆ ನನಗೆ ಆಗುತ್ತಿರಲಿಲ್ಲ, ಈಗ ಅದಕ್ಕೇ ಹಾಕೋಣ ಅನ್ನಿಸುತ್ತಿದೆ. ಎದುರು ಪಕ್ಷ ಒಬ್ಬ ನಟನನ್ನು ನಿಲ್ಲಿಸುತ್ತದೆ ಎಂಬ ಸುದ್ದಿ ಬೇರೆ, ಅವರ ಒಂದು ಚಿತ್ರವನ್ನೂ ನಾನು ಬಿಟ್ಟವಳಲ್ಲ. ಅಪ್ಪ ‘ಪಕ್ಷ ನೋಡು’ ಎನ್ನುತ್ತಾರೆ, ಅಮ್ಮ ‘ಮನುಷ್ಯನನ್ನು ನೋಡು’ ಎನ್ನುತ್ತಾರೆ. ನೋಟಾಕ್ಕೆ ಹೆಚ್ಚು ಮತ ಬಂದರೆ ಮರುಚುನಾವಣೆ ಆಗುತ್ತದೆ ಎಂದು ಅಣ್ಣನ ವಾದ. ಇನ್ನೊಂದು ಭಯವಿದೆ. ಕಳೆದ ಸಲ ಹಣ ಹಂಚಿದವರು ಅಮ್ಮನಿಂದ ದೇವರ ಫೋಟೊ ಮುಟ್ಟಿಸಿ ಆಣೆ ಮಾಡಿಸಿದ್ದರು. ಯಾರಿಗೆ ಹಾಕಿದಿರಿ ಎಂಬುದು ನಮಗೆ ತಿಳಿಯುತ್ತದೆ ಎಂದೂ ಹೇಳಿ ಹೋಗಿದ್ದರು. ಇದು ನಿಜವೇ? ಸಿನಿಮಾ ನೋಡಿ ಅಭಿಪ್ರಾಯ ಬದಲಿಸಿದ ನಾನು ದಡ್ಡಿಯೇ? ಆ ಚಿತ್ರವನ್ನು ನೀವು ನೋಡಿದ್ದರೆ ಹೇಗಿತ್ತು ಎಂದೂ ಹೇಳಿ.

ಉತ್ತರ: ಹೆಸರು, ಊರು, ಪಕ್ಷ ಯಾವುದೂ ಬೇಡ ಎಂದು ಈ ಓದುಗರು ಕೇಳಿಕೊಂಡಿದ್ದಾರೆ. ಹಾಗಾಗಿ ಚಿತ್ರದ ಹೆಸರನ್ನೂ ಬಿಟ್ಟಿದ್ದೇನೆ. ಅದನ್ನು ಹೇಳಿದರೆ ಪಕ್ಷದ ಹೆಸರೂ ಹೇಳಿದಂತೆಯೇ.

ನಾನು ಮೂವತ್ತು ವರ್ಷ ಸರ್ಕಾರಿ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಕಲಿಸಿದವನು. ಉಪನ್ಯಾಸಕನೆಂದ ಮೇಲೆ ಚುನಾವಣಾ ಕರ್ತವ್ಯ ತಪ್ಪುವುದಿಲ್ಲ. ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ಶಾಲೆಗಳ ಬೆಂಚಿನ ಮೇಲೆ ಹಲವು ರಾತ್ರಿ ಮಲಗಿದ್ದೇನೆ, ಆಮೇಲೆ ಇತರರಿಗೆ ತರಬೇತಿ ಕೊಡುವ ಕೆಲಸವೂ ಹೆಗಲಿಗೆ ಬಂತು. ಕಾಲೇಜಿನಲ್ಲಿ ಚಿತ್ರಸಮಾಜವನ್ನೂ ನಡೆಸುತ್ತಿದ್ದೆ. ಹೀಗಾಗಿ ನಿಮ್ಮ ಪತ್ರದ ಎರಡು ತುದಿಗಳೂ ನನಗೆ ಗೊತ್ತಿರುವ ಜಾಗಗಳೇ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮಾತು ‘ಯಾರೂ ಇಷ್ಟವಾಗುತ್ತಿಲ್ಲ’ ಎಂಬುದು. ಅದು ತೊಂದರೆಯೆಂದು ನೀವು ಬರೆದಿದ್ದೀರಿ. ನನಗೆ ಅದು ತೊಂದರೆಯಾಗಿ ಕಾಣುವುದಿಲ್ಲ. ಸಿನಿಮಾವನ್ನು ಇಷ್ಟಪಡಬೇಕು, ಅದು ಇರುವುದೇ ಅದಕ್ಕೆ. ನಿಮಗೆ ಹಿಡಿಸಿದ್ದು ಇಡೀ ಊರಿಗೆ ಹಿಡಿಸದಿದ್ದರೂ ನೀವು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ, ನಷ್ಟವಾದರೆ ಟಿಕೆಟ್ಟಿನ ಹಣ ಮತ್ತು ಎರಡೂವರೆ ಗಂಟೆ. ಅಭ್ಯರ್ಥಿಯ ಮಾತು ಹಾಗಲ್ಲ. ಮನೆ ಕಟ್ಟಿಸಲು ಗಾರೆ ಮೇಸ್ತ್ರಿಯನ್ನು ಗೊತ್ತು ಮಾಡುವಾಗ ‘ಈತ ನನಗೆ ಇಷ್ಟವಾದನೇ’ ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ಈ ಮೊದಲು ಯಾರ ಮನೆ ಕಟ್ಟಿದ, ಆ ಮನೆಯ ತಾರಸಿ ಸೋರುತ್ತದೆಯೇ, ಅರ್ಧಕ್ಕೆ ಬಿಟ್ಟು ಹೋಗುವ ಚಾಳಿ ಇದೆಯೇ, ಸಿಮೆಂಟಿನ ಲೆಕ್ಕ ಕೊಡುತ್ತಾನೆಯೇ ಎಂದು ವಿಚಾರಿಸುತ್ತೇವೆ. ಮಾತು ಒರಟಾಗಿದ್ದರೂ ಕೆಲಸ ಗಟ್ಟಿಯಾಗಿದ್ದರೆ ಅವನನ್ನೇ ಕರೆಯುತ್ತೇವೆ. ಮೊದಲ ಸಲ ಮತ ಹಾಕುವವರಲ್ಲಿ ಬಹಳ ಮಂದಿ ಮೇಸ್ತ್ರಿಯನ್ನು ಹುಡುಕುವ ಕಡೆ ನಾಯಕನನ್ನು ಹುಡುಕಿ, ಸಿಗಲಿಲ್ಲವೆಂದು ಬೇಸರಪಟ್ಟು ಮನೆಯಲ್ಲೇ ಉಳಿಯುವುದನ್ನು ಕಂಡಿದ್ದೇನೆ.

ಈಗ ಆ ಚಿತ್ರಕ್ಕೆ ಬರೋಣ. ನೀವು ದಡ್ಡಿಯಲ್ಲ, ಅತ್ತದ್ದೂ ತಪ್ಪಲ್ಲ.

ಚಿತ್ರಸಮಾಜದಲ್ಲಿ ನಾನು ಒಂದು ಪ್ರಯೋಗ ಮಾಡುತ್ತಿದ್ದೆ. ನಾಯಕ ಹಳ್ಳಿಗೆ ಬರುವ ಐದು ನಿಮಿಷದ ದೃಶ್ಯವನ್ನು ಒಮ್ಮೆ ಹಾಗೆಯೇ ತೋರಿಸುತ್ತಿದ್ದೆ. ಹುಡುಗರು ಶಿಳ್ಳೆ ಹೊಡೆಯುತ್ತಿದ್ದರು. ಮರುಕ್ಷಣ ಅದೇ ದೃಶ್ಯವನ್ನು ಧ್ವನಿ ಪೂರ್ತಿ ಮುಚ್ಚಿ ತೋರಿಸುತ್ತಿದ್ದೆ. ಹಿನ್ನೆಲೆ ಸಂಗೀತ ಹೋದ ಕೂಡಲೇ ಪರದೆಯ ಮೇಲೆ ಉಳಿಯುತ್ತಿದ್ದುದು ಬಿಳಿ ಬಟ್ಟೆ ತೊಟ್ಟು ದೂಳಿನಲ್ಲಿ ನಡೆಯುವ ಒಬ್ಬ ಮನುಷ್ಯ, ಅವನ ಹಿಂದೆ ಏನು ಮಾಡಬೇಕೆಂದು ತಿಳಿಯದೆ ನಿಂತ ಒಂದಿಷ್ಟು ಜನ. ತರಗತಿ ಸುಮ್ಮನಾಗುತ್ತಿತ್ತು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಸಾರ್, ನಾಯಕನ ಮುಖಕ್ಕೆ ಕ್ಯಾಮೆರಾ ಹನ್ನೊಂದು ಸಲ ಹತ್ತಿರ ಹೋಯಿತು. ವಿರೋಧಿಯ ಮುಖಕ್ಕೆ ಒಂದೇ ಸಲ, ಅದೂ ಅವನ ಬಾಯಿ ತುಂಬ ಅನ್ನ ಇದ್ದಾಗ’ ಎಂದಳು. ನಾನು ಒಂದು ಸೆಮಿಸ್ಟರ್ ಪೂರ್ತಿ ಹೇಳಬೇಕೆಂದಿದ್ದುದನ್ನು ಆಕೆ ಒಂದೇ ಉಸಿರಿನಲ್ಲಿ ಹೇಳಿ ಕುಳಿತಳು.

ಜೀವನಚಿತ್ರ ನಮ್ಮ ಮೇಲೆ ಕೆಲಸ ಮಾಡುವುದು ಹೀಗೆ. ಕತ್ತಲೆಯಲ್ಲಿ ಕೂರಿಸಿ, ಎರಡೂವರೆ ಗಂಟೆ ಒಬ್ಬನ ಕಣ್ಣಿನಿಂದ ಮಾತ್ರ ಲೋಕವನ್ನು ತೋರಿಸುತ್ತದೆ. ಅವನ ತಾಯಿ ಯಾರು, ಹಸಿದಾಗ ಏನು ತಿಂದ, ಯಾರು ಮೋಸ ಮಾಡಿದರು ಎಂಬುದು ನಮಗೆ ತಿಳಿಯುತ್ತದೆ. ಎದುರಾಳಿಗೆ ತಾಯಿಯೇ ಇರುವುದಿಲ್ಲ. ನೀವು ಅತ್ತದ್ದು ಬಹುಶಃ ಆ ಬಡತನಕ್ಕೆ, ಆ ತಾಯಿಗೆ. ಅದು ನಿಮ್ಮ ಒಳ್ಳೆಯ ಮನಸ್ಸು. ಆದರೆ ಹೊರಗೆ ಬಂದಾಗ ಆ ಕಣ್ಣೀರು ಒಂದು ಚಿಹ್ನೆಗೆ ಅಂಟಿಕೊಂಡಿತ್ತು. ಅಂಟಿಸಿದ್ದು ಚಿತ್ರ.

ಸೆನ್ಸಾರ್ ಆಗಿದೆಯಲ್ಲ, ಸುಳ್ಳಿದ್ದರೆ ಬಿಡುತ್ತಿದ್ದರೇ ಎಂದು ನನ್ನನ್ನು ಕೇಳಿದವರಿದ್ದಾರೆ. ಪ್ರಮಾಣೀಕರಣ ಮಂಡಳಿ ಕೊಡುವುದು ಇದನ್ನು ಸಾರ್ವಜನಿಕವಾಗಿ ತೋರಿಸಬಹುದು, ಇಂಥ ವಯಸ್ಸಿನವರು ನೋಡಬಹುದು ಎಂಬ ಅನುಮತಿಯನ್ನು. ಕಥೆ ನಿಜವೆಂಬ ಮುದ್ರೆ ಅದಲ್ಲ. ‘ನೈಜ ಘಟನೆಗಳಿಂದ ಪ್ರೇರಿತ’ ಎಂಬ ಸಾಲಿನ ಜೊತೆಗೇ ‘ಪಾತ್ರಗಳು, ಸನ್ನಿವೇಶಗಳು ಕಾಲ್ಪನಿಕ’ ಎಂಬ ಸಾಲೂ ಓಡಿಹೋಗುವುದನ್ನು ನೀವು ಗಮನಿಸಿರಬಹುದು. ಎರಡನ್ನೂ ಒಟ್ಟಿಗೆ ನಂಬಲು ವಿಶೇಷ ಪ್ರತಿಭೆ ಬೇಕು.

ಇಂಥ ಚಿತ್ರಗಳಿಗೆ ಮತದ ಮೇಲೆ ಪ್ರಭಾವ ಇರಬಹುದೆಂದು ಕಾನೂನೂ ಒಪ್ಪುತ್ತದೆ. ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆಗಳಲ್ಲಿ ಚುನಾವಣಾ ವಿಷಯವನ್ನು ಸಿನಿಮಾ, ಟಿ.ವಿ. ಮೂಲಕ ತೋರಿಸುವುದನ್ನು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 126ನೇ ಕಲಮು ನಿಷೇಧಿಸುತ್ತದೆ. 2019ರ ಲೋಕಸಭಾ ಚುನಾವಣೆಯ ವೇಳೆ ಪ್ರಧಾನಿಯವರ ಜೀವನಚಿತ್ರದ ಬಿಡುಗಡೆಯನ್ನು ಚುನಾವಣಾ ಆಯೋಗ ಏಪ್ರಿಲ್ 10ರಂದು ತಡೆಯಿತು, ಅದು ತೆರೆ ಕಂಡದ್ದು ಫಲಿತಾಂಶ ಬಂದ ಮರುದಿನ, ಮೇ 24ಕ್ಕೆ. ಆದ್ದರಿಂದ ರಾಜಕೀಯ ಚಿತ್ರ ನೋಡಿದಾಗ ಬಿಡುಗಡೆಯ ದಿನಾಂಕವನ್ನು ಒಮ್ಮೆ ಗಮನಿಸುವುದು ನನ್ನ ಅಭ್ಯಾಸ.

ಹಾಗೆಂದು ಸಿನಿಮಾ ನೋಡಿ ಮನಸ್ಸು ಬದಲಿಸಬಾರದು ಎಂದಲ್ಲ. ಪತ್ರಿಕೆ ಓದಿ ಬದಲಿಸಬಹುದಾದರೆ ಸಿನಿಮಾ ನೋಡಿ ಏಕೆ ಬದಲಿಸಬಾರದು? ಒಂದು ಹಾಳೆ ತೆಗೆದುಕೊಂಡು, ಆ ಪಕ್ಷದ ಬಗ್ಗೆ ಚಿತ್ರದಿಂದ ನಿಮಗೆ ಹೊಸದಾಗಿ ತಿಳಿದ ಸಂಗತಿಗಳನ್ನು ಬರೆಯಿರಿ. ಭಾವನೆ ಬೇಡ, ಸಂಗತಿ ಮಾತ್ರ: ಇಂಥ ವರ್ಷ ಇಂಥ ಕಾನೂನು ತಂದರು, ಇಂಥ ಊರಿಗೆ ನೀರು ಬಂತು. ಆಮೇಲೆ ಜಿಲ್ಲಾ ಗ್ರಂಥಾಲಯದ ಹಳೆಯ ಪತ್ರಿಕೆಗಳಲ್ಲೋ ಸರ್ಕಾರಿ ದಾಖಲೆಗಳಲ್ಲೋ ಅವನ್ನು ತಾಳೆ ನೋಡಿ. ಉಳಿದುಕೊಂಡದ್ದರ ಮೇಲೆ ಮನಸ್ಸು ಬದಲಿಸಿದರೆ ಅದು ಸಕಾರಣ. ಹಾಳೆಯಲ್ಲಿ ಬರೆಯಲು ಏನೂ ಹೊಳೆಯದಿದ್ದರೆ, ಬದಲಾದದ್ದು ಅಭಿಪ್ರಾಯವಲ್ಲ, ಆ ಸಂಜೆಯ ಮನಃಸ್ಥಿತಿ. ಇನ್ನೊಂದು ಮಾತು, ಚಿತ್ರದಲ್ಲಿರುವ ನಾಯಕರು ನಿಮ್ಮ ಕ್ಷೇತ್ರದಲ್ಲಿ ನಿಂತಿಲ್ಲ. ನಿಂತಿರುವವರು ಬೇರೆಯವರು.

ನಟ ಅಭ್ಯರ್ಥಿಯಾದರೆ ಏನು ಮಾಡಬೇಕು? ಇಲ್ಲಿ ಎರಡು ನಂಬಿಕೆಗಳು ಚಾಲ್ತಿಯಲ್ಲಿವೆ. ತಾರೆ ನಿಂತರೆ ಗೆದ್ದಂತೆಯೇ ಎಂಬುದು ಒಂದು, ಸಿನಿಮಾದವರು ಕೆಲಸಕ್ಕೆ ಬರುವುದಿಲ್ಲ ಎಂಬುದು ಇನ್ನೊಂದು. ನಮ್ಮ ರಾಜ್ಯದ ಅನುಭವ ಎರಡನ್ನೂ ಎತ್ತಿಹಿಡಿಯುವುದಿಲ್ಲ.

ಮಂಡ್ಯವನ್ನೇ ನೋಡಿ. ಅಂಬರೀಶ್ ಅಲ್ಲಿಂದ 1998, 1999, 2004ರಲ್ಲಿ ಲೋಕಸಭೆಗೆ ಗೆದ್ದರು, ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ರಾಜ್ಯ ಸಚಿವರಾದರು. 2009ರಲ್ಲಿ ಅದೇ ಮಂಡ್ಯ ಅವರನ್ನು ಸೋಲಿಸಿತು. 2013ರ ಉಪಚುನಾವಣೆಯಲ್ಲಿ ಗೆದ್ದ ರಮ್ಯಾ ವರ್ಷ ತುಂಬುವ ಮೊದಲೇ, 2014ರಲ್ಲಿ ಸೋತರು. 2019ರಲ್ಲಂತೂ ಎರಡು ಕಡೆಯೂ ಸಿನಿಮಾ. ಒಂದು ಕಡೆ ಅಂದಿನ ಮುಖ್ಯಮಂತ್ರಿಯ ಮಗ, ನಟ ನಿಖಿಲ್ ಕುಮಾರಸ್ವಾಮಿ, ಇನ್ನೊಂದು ಕಡೆ ಪಕ್ಷೇತರರಾಗಿ ನಟಿ ಸುಮಲತಾ. ಸುಮಲತಾ ಪರವಾಗಿ ಪ್ರಚಾರಕ್ಕಿಳಿದ ಇಬ್ಬರು ನಟರಿಗೆ ‘ಜೋಡೆತ್ತು’ ಎಂಬ ಹೆಸರು. ಸಾಲದ್ದಕ್ಕೆ ಮತಯಂತ್ರದಲ್ಲಿ ಸುಮಲತಾ ಎಂಬ ಹೆಸರಿನ ಇನ್ನೂ ಮೂವರು. ಜನ ಗೊಂದಲವಿಲ್ಲದೆ ಬೇಕಾದವರನ್ನೇ ಹುಡುಕಿ ಒತ್ತಿದರು, ಅಂತರ 1.25 ಲಕ್ಷ ದಾಟಿತು. ಇಬ್ಬರೂ ಸಿನಿಮಾದವರೇ ಆದಾಗ ಸಿನಿಮಾ ಎಂಬುದು ಎರಡೂ ಕಡೆಯಿಂದ ಕಳೆದುಹೋಗುತ್ತದೆ. ಉಳಿಯುವುದು ಬೇರೆ ಲೆಕ್ಕಗಳು, ಮಂಡ್ಯದವರು ತೀರ್ಮಾನಿಸಿದ್ದು ಅವುಗಳ ಮೇಲೆ. ಮಂಡ್ಯದ ಜನರನ್ನು ಸಿನಿಮಾಮರುಳರು ಎಂದು ಬೆಂಗಳೂರಿನಲ್ಲಿ ಕೂತು ಹೇಳುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಬೇರೆ ಬಗೆಯವರೂ ಇದ್ದಾರೆ. ಅನಂತನಾಗ್ 1994ರಲ್ಲಿ ಮಲ್ಲೇಶ್ವರದಿಂದ ಶಾಸಕರಾಗಿ ಮಂತ್ರಿಯೂ ಆದರು. ಉಮಾಶ್ರೀ 2008ರಲ್ಲಿ ತೇರದಾಳದಲ್ಲಿ ಸೋತರೂ ಅದೇ ಕ್ಷೇತ್ರದಲ್ಲಿ ಮತ್ತೆ ನಿಂತು 2013ರಲ್ಲಿ ಗೆದ್ದು ಮಂತ್ರಿಯಾದರು. ಪಕ್ಕದ ರಾಜ್ಯದಲ್ಲಿ ಎನ್.ಟಿ. ರಾಮರಾವ್ ಪಕ್ಷ ಕಟ್ಟಿ ಒಂಬತ್ತೇ ತಿಂಗಳಲ್ಲಿ ಮುಖ್ಯಮಂತ್ರಿಯಾದರೆ, ತಮಿಳರು ತಲೆಯ ಮೇಲೆ ಹೊತ್ತು ಮೆರೆಸಿದ ಶಿವಾಜಿ ಗಣೇಶನ್ 1989ರಲ್ಲಿ ತಮ್ಮ ಕ್ಷೇತ್ರದಲ್ಲೇ ಸೋತರು. ಇನ್ನು ನಮ್ಮ ಡಾ. ರಾಜ್‌ಕುಮಾರ್, 1982ರ ಗೋಕಾಕ್ ಚಳವಳಿಯಲ್ಲಿ ಜನಸಾಗರವೇ ಹಿಂದೆ ಬಂದರೂ ಚುನಾವಣೆಯತ್ತ ತಿರುಗಿ ನೋಡಲಿಲ್ಲ. ಒಟ್ಟಿನಲ್ಲಿ ವೃತ್ತಿಯಿಂದ ಏನೂ ಹೇಳಲಾಗದು.

ಆದ್ದರಿಂದ ನಿಮ್ಮ ಮೆಚ್ಚಿನ ನಟನನ್ನು ವೈದ್ಯರೋ ಗುತ್ತಿಗೆದಾರರೋ ನಿಂತಿದ್ದರೆ ಕೇಳುವ ಪ್ರಶ್ನೆಗಳನ್ನೇ ಕೇಳಿ. ಒಪ್ಪಿಕೊಂಡಿರುವ ಚಿತ್ರಗಳೆಷ್ಟು? ಚಿತ್ರೀಕರಣಕ್ಕೆ ಹೋದಾಗ ತಾಲ್ಲೂಕಿನಲ್ಲಿ ಜನರಿಗೆ ಸಿಗುವವರು ಯಾರು? ಪರದೆಯ ಮೇಲೆ ಲಂಚಕೋರರನ್ನು ಎತ್ತಿ ಎಸೆಯುವವರು ತಮ್ಮ ಉದ್ಯಮದ ಲೈಟ್‌ಮನ್‌ಗಳ ಬಾಕಿ ಕೂಲಿಗಾಗಿ ಎಂದಾದರೂ ಬಾಯಿ ತೆರೆದಿದ್ದಾರೆಯೇ? ಆ ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಪರದೆಯ ಮೇಲಿನ ಮಾತುಗಳನ್ನು ಬರೆದವರು ಬೇರೆ ಎಂಬುದು ವಾರಕ್ಕೊಂದು ಚಿತ್ರ ನೋಡುವ ನಿಮಗೆ ನಾನು ಹೇಳಬೇಕಾಗಿಲ್ಲ.

ಶಾಸಕರ ಕೆಲಸವಾದರೂ ಏನು? ಚರಂಡಿ ಕಟ್ಟಿಕೊಂಡರೆ ಮೊದಲು ಕೇಳಬೇಕಾದದ್ದು ವಾರ್ಡಿನ ಸದಸ್ಯರನ್ನು ಅಥವಾ ಗ್ರಾಮ ಪಂಚಾಯಿತಿಯನ್ನು. ಶಾಸಕರು ವಿಧಾನಸಭೆಯಲ್ಲಿ ಮಸೂದೆಗೆ ಕೈ ಎತ್ತಬೇಕು, ಬಜೆಟ್ಟಿನ ಮೇಲೆ ಮಾತಾಡಬೇಕು, ಸರ್ಕಾರವನ್ನು ಪ್ರಶ್ನೆ ಕೇಳಬೇಕು. ತಾಲ್ಲೂಕಿನ ಕೆ.ಡಿ.ಪಿ. ಸಭೆ ಎಂಬುದೊಂದಿದೆ, ಇಲಾಖೆಗಳ ಅಧಿಕಾರಿಗಳನ್ನೆಲ್ಲ ಕೂರಿಸಿ ಲೆಕ್ಕ ಕೇಳುವ ಸಭೆ, ಅದರ ಅಧ್ಯಕ್ಷತೆ ಶಾಸಕರದು. ವರ್ಷಕ್ಕೆ 2 ಕೋಟಿ ರೂಪಾಯಿ ಸ್ಥಳೀಯ ಅಭಿವೃದ್ಧಿ ನಿಧಿಯೂ ಇದೆ. ಮದುವೆಗೆ ಬಂದು ಅಕ್ಷತೆ ಹಾಕುವುದು ಈ ಪಟ್ಟಿಯಲ್ಲಿ ಇಲ್ಲ. ಆದರೆ ಮದುವೆಗೆ ಬರಲಿಲ್ಲವೆಂದು ಸೋತವರನ್ನು ನಾನು ಬಲ್ಲೆ, ಸದನದಲ್ಲಿ ಬಾಯಿಯೇ ತೆರೆಯದೆ ಮೂರು ಸಲ ಗೆದ್ದವರನ್ನೂ ಬಲ್ಲೆ.

ಅಪ್ಪ–ಅಮ್ಮನ ಜಗಳಕ್ಕೆ ಬರೋಣ. ಅಪ್ಪನ ಮಾತಿಗೆ ಸಂವಿಧಾನದಲ್ಲೇ ಬಲವಿದೆ. 1985ರಲ್ಲಿ ಸೇರಿದ ಹತ್ತನೇ ಅನುಸೂಚಿಯ ಪ್ರಕಾರ ಹೀಗೆಯೇ ಮತ ಹಾಕಿ ಎಂದು ಪಕ್ಷ ಹೊರಡಿಸಿದ ಆದೇಶ, ಅಂದರೆ ವಿಪ್ ಮೀರಿ ಸದನದಲ್ಲಿ ಮತ ಹಾಕಿದ ಶಾಸಕರು ಸ್ಥಾನ ಕಳೆದುಕೊಳ್ಳಬಹುದು. ಅಭ್ಯರ್ಥಿ ಎಷ್ಟೇ ಸಜ್ಜನರಾಗಿದ್ದರೂ ಮಹತ್ವದ ಮಸೂದೆ ಬಂದ ದಿನ ಅವರ ಕೈ ಮೇಲೇಳುವುದು ಪಕ್ಷ ಹೇಳಿದ ಕಡೆಗೆ. ‘ಆ ಪಕ್ಷದ ನೀತಿ ಸರಿಯಿಲ್ಲ, ಈ ಮನುಷ್ಯ ಮಾತ್ರ ಒಳ್ಳೆಯವನು’ ಎಂದು ಹಾಕಿದ ಮತ ಕೊನೆಗೆ ಆ ನೀತಿಯ ಲೆಕ್ಕಕ್ಕೇ ಸೇರುತ್ತದೆ. ಅಮ್ಮನ ದಾರಿಯ ಅಪಾಯ ಇದು.

ಅಪ್ಪನ ದಾರಿಗೂ ಅಪಾಯವಿದೆ. ಏನೇ ಆದರೂ ಇವರು ನಮಗೇ ಹಾಕುತ್ತಾರೆ ಎಂದು ಗೊತ್ತಾದರೆ ಪಕ್ಷ ಯಾರನ್ನು ಬೇಕಾದರೂ ತಂದು ನಿಲ್ಲಿಸುತ್ತದೆ. ನಿಂತವರು ಆ ಪಕ್ಷದಲ್ಲೇ ಉಳಿಯುತ್ತಾರೆಂಬ ಖಾತರಿಯೂ ಇಲ್ಲ. 2019ರಲ್ಲಿ ನಮ್ಮ ರಾಜ್ಯದ 17 ಶಾಸಕರನ್ನು ಸಭಾಧ್ಯಕ್ಷರು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಅವಕಾಶ ಕೊಟ್ಟಿತು, ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. ಅವರಲ್ಲಿ ಹಲವರು ಹೊಸ ಪಕ್ಷದಿಂದ ನಿಂತು ಗೆದ್ದೂ ಬಂದರು. ಪಕ್ಷ ನೋಡಿ ಹಾಕಿದವರ ಹಳೆಯ ಮತ ಎಲ್ಲಿಗೆ ಹೋಯಿತು?

ಇಬ್ಬರ ನಡುವೆ ನೀವು ತೂಗಬೇಕು. ತಕ್ಕಡಿ ಯಾವ ಕಡೆ ವಾಲಬೇಕೆಂಬುದು ಚುನಾವಣೆಯ ಬಗೆಯ ಮೇಲೆ ನಿಂತಿದೆ. ಸಾರ್ವತ್ರಿಕ ಚುನಾವಣೆಯಲ್ಲಿ ಸರ್ಕಾರ ಯಾವುದೆಂದು ತೀರ್ಮಾನವಾಗುತ್ತದೆ, ಪಕ್ಷಕ್ಕೆ ತೂಕ ಹೆಚ್ಚು. ಸರ್ಕಾರಕ್ಕೆ ಸಾಕಷ್ಟು ಬಹುಮತ ಇರುವಾಗ ಬರುವ ಉಪಚುನಾವಣೆಯಲ್ಲಿ ಒಂದು ಸ್ಥಾನದಿಂದ 224ರ ಸದನ ಅಲುಗಾಡುವುದಿಲ್ಲ. ಆಗ ವ್ಯಕ್ತಿಯ ಕಡೆ ನೋಡಲು ನಿಮಗೆ ಎಂದಿಗಿಂತ ಹೆಚ್ಚು ಸ್ವಾತಂತ್ರ್ಯ. ಆಳುವ ಪಕ್ಷದವರು ‘ನಮ್ಮವರನ್ನು ಗೆಲ್ಲಿಸಿದರೆ ಅನುದಾನ ಹರಿದು ಬರುತ್ತದೆ’ ಎನ್ನುತ್ತಾರೆ, ಅರ್ಧ ಮಂತ್ರಿಮಂಡಲ ನಿಮ್ಮೂರಿನಲ್ಲೇ ಬಿಡಾರ ಹೂಡುತ್ತದೆ. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಆದರೆ ಉಪಚುನಾವಣೆಯಲ್ಲಿ ಗೆದ್ದವರಿಗೆ ಸಿಗುವುದು ಉಳಿದ ಅವಧಿ ಮಾತ್ರ. ಎಷ್ಟು ತಿಂಗಳು ಉಳಿದಿದೆ ಎಂದು ಎಣಿಸಿ, ಭರವಸೆಯ ಉದ್ದವನ್ನು ಅದರ ಪಕ್ಕದಲ್ಲಿಟ್ಟು ನೋಡಿ.

ವ್ಯಕ್ತಿಯನ್ನು ನೋಡುವುದೆಂದರೆ ಮುಖ ನೋಡುವುದಲ್ಲ, ಪ್ರಮಾಣಪತ್ರ ನೋಡುವುದು. ನಾಮಪತ್ರದ ಜೊತೆ ಪ್ರತಿ ಅಭ್ಯರ್ಥಿಯೂ 26ನೇ ನಮೂನೆಯಲ್ಲಿ ಅಫಿಡವಿಟ್ ಸಲ್ಲಿಸಬೇಕು. ಚುನಾವಣಾ ಆಯೋಗದ ಜಾಲತಾಣದಲ್ಲಿ, ‘ನೋ ಯುವರ್ ಕ್ಯಾಂಡಿಡೇಟ್’ ಆ್ಯಪ್‌ನಲ್ಲಿ ಅದು ಸಿಗುತ್ತದೆ. ನೀವು ಬಿ.ಕಾಂ. ಓದುತ್ತಿರುವವರು, ಅದನ್ನು ಓದುವುದು ನನಗಿಂತ ನಿಮಗೇ ಸುಲಭ. ಐದು ವರ್ಷಗಳ ಆದಾಯ, ಸಂಗಾತಿ ಮತ್ತು ಅವಲಂಬಿತರ ಆಸ್ತಿ, ಸಾಲ, ಸರ್ಕಾರಕ್ಕೆ ಬಾಕಿ, ಬಾಕಿಯಿರುವ ಪ್ರಕರಣಗಳು, ವಿದ್ಯಾಭ್ಯಾಸ ಎಲ್ಲ ಅಲ್ಲಿದೆ.

ಜನ ಮೊದಲು ನೋಡುವುದು ಒಟ್ಟು ಆಸ್ತಿಯ ಅಂಕಿ. ಅದು ಅಷ್ಟು ಉಪಯೋಗದ್ದಲ್ಲ. ಅಜ್ಜನ ಕಾಲದ ಜಮೀನಿನ ಪಕ್ಕ ಹೆದ್ದಾರಿ ಬಂದರೆ ಏನೂ ಮಾಡದವರೂ ಕೋಟ್ಯಧಿಪತಿಗಳಾಗುತ್ತಾರೆ. ಅದೇ ವ್ಯಕ್ತಿ ಹಿಂದೆ ಸ್ಪರ್ಧಿಸಿದ್ದರೆ ಆಗಿನ ಪ್ರಮಾಣಪತ್ರವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಹಳೆಯ ಜಮೀನಿನ ಬೆಲೆ ಏರಿದ್ದನ್ನು ಬದಿಗಿಟ್ಟು, ಹೊಸದಾಗಿ ಕೊಂಡದ್ದು ಏನು, ಘೋಷಿಸಿದ ಆದಾಯದಲ್ಲಿ ಅದನ್ನು ಕೊಳ್ಳಲು ಆಗುತ್ತಿತ್ತೇ ಎಂದು ಲೆಕ್ಕ ಹಾಕಿ. ಪೆನ್ನು, ಹಾಳೆ, ಅರ್ಧ ಗಂಟೆ ಸಾಕು. ಸ್ವಂತ ವಾಹನದ ಜಾಗದಲ್ಲಿ ‘ಇಲ್ಲ’ ಎಂದು ಬರೆದವರು ಕಾರುಗಳ ಸಾಲಿನಲ್ಲಿ ಬಂದು, ನಿಯಮದಂತೆ ಮೂರನ್ನು ಮಾತ್ರ ಚುನಾವಣಾಧಿಕಾರಿ ಕಚೇರಿಯ ನೂರು ಮೀಟರ್ ಒಳಕ್ಕೆ ತಂದು ಇಳಿಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಪ್ರಕರಣಗಳಲ್ಲೂ ಸಂಖ್ಯೆಗಿಂತ ಬಗೆ ಮುಖ್ಯ. ಹನ್ನೆರಡು ಪ್ರಕರಣಗಳಿರುವವರ ಪಟ್ಟಿ ತೆರೆದರೆ ಹನ್ನೊಂದು ರಸ್ತೆ ತಡೆ, ಅಕ್ರಮ ಕೂಟ, ನಿಷೇಧಾಜ್ಞೆ ಉಲ್ಲಂಘನೆ ಎಂದಿರಬಹುದು. ರೈತ ಸಂಘದಲ್ಲೋ ಕನ್ನಡಪರ ಹೋರಾಟದಲ್ಲೋ ಇದ್ದವರಿಗೆ ಅದು ಮಾಮೂಲು. ಒಂದೇ ಪ್ರಕರಣ ಇರುವವರದು ವಂಚನೆಯದೋ ಹೆಣ್ಣಿನ ಮೇಲಿನ ದೌರ್ಜನ್ಯದ್ದೋ ಆಗಿರಬಹುದು. ಕಲಮು ಯಾವುದು, ನ್ಯಾಯಾಲಯ ಆರೋಪ ನಿಗದಿ ಮಾಡಿದೆಯೇ ಎಂದು ನೋಡಿ. ಆರೋಪ ಸಾಬೀತಾಗಿಲ್ಲ ಎಂಬುದೂ ಮನಸ್ಸಿನಲ್ಲಿರಲಿ. ಪ್ರಕರಣ ಇರುವವರು ಅದನ್ನು ಮತದಾನಕ್ಕೆ ಮೊದಲು ಪತ್ರಿಕೆ ಮತ್ತು ಟಿ.ವಿ.ಯಲ್ಲಿ ಮೂರು ಬಾರಿ ಪ್ರಕಟಿಸಬೇಕು, ಇಂಥವರನ್ನೇ ಏಕೆ ಆರಿಸಿದೆವು ಎಂದು ಪಕ್ಷವೂ ಕಾರಣ ಕೊಡಬೇಕು. ‘ಗೆಲ್ಲುತ್ತಾರೆ’ ಎಂಬುದೊಂದೇ ಕಾರಣವಾಗಬಾರದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆ ಕಾರಣಗಳನ್ನು ಓದಿ ನೋಡಿ, ಕೆಲವು ಹಾಸ್ಯ ಚಿತ್ರಗಳಿಗಿಂತ ಚೆನ್ನಾಗಿರುತ್ತವೆ.

ಒಂದು ಮಿತಿ ಗೊತ್ತಿರಲಿ. ಪ್ರಮಾಣಪತ್ರದಲ್ಲಿರುವುದು ಅಭ್ಯರ್ಥಿ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದು. ಅದು ನಿಜವೇ ಎಂದು ಚುನಾವಣಾಧಿಕಾರಿ ತನಿಖೆ ಮಾಡುವುದಿಲ್ಲ. ಸುಳ್ಳು ಹೇಳಿದರೆ ಆರು ತಿಂಗಳವರೆಗೆ ಶಿಕ್ಷೆಗೆ ಅವಕಾಶವಿದೆ, ಆದರೆ ದೂರು ಕೊಟ್ಟು ಬೆನ್ನು ಹತ್ತಬೇಕಾದವರು ನಾವೇ.

ಸಿನಿಮಾ ವಿಮರ್ಶೆಯಲ್ಲಿ ಕಲಿತ ಒಂದು ಜಾಣತನವನ್ನು ಇಲ್ಲಿಗೂ ತನ್ನಿ. ಬಿಡುಗಡೆಯ ದಿನ ಬೆಳಿಗ್ಗೆ ಎಂಟಕ್ಕೇ ಐದು ನಕ್ಷತ್ರ ಕೊಟ್ಟವರನ್ನು ನೀವು ನಂಬುವುದಿಲ್ಲ ತಾನೇ? ಜಾಹೀರಾತು ಎಂದು ನಮೂದಿಸದೆ, ಒಂದೇ ಅಭ್ಯರ್ಥಿಯನ್ನು ಹೊಗಳುವ ಒಂದೇ ಧಾಟಿಯ ಬರಹ ಎರಡು ಮೂರು ಕಡೆ ಕಂಡರೆ ಅದೂ ಅದೇ ಜಾತಿಯದು. ಕಾಸಿಗಾಗಿ ಸುದ್ದಿಯನ್ನು ಪತ್ತೆ ಹಚ್ಚಲು ಪ್ರತಿ ಜಿಲ್ಲೆಯಲ್ಲೂ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ ಇರುತ್ತದೆ. ಸಾಬೀತಾದರೆ ಆ ವೆಚ್ಚ ಅಭ್ಯರ್ಥಿಯ ಲೆಕ್ಕಕ್ಕೆ ಸೇರುತ್ತದೆ.

ಅಣ್ಣನ ನೋಟಾ ವಾದ ತಪ್ಪು. 2013ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಈ ಗುಂಡಿ ಬಂತು. ಆದರೆ ವಿಧಾನಸಭೆ, ಲೋಕಸಭೆಗಳಲ್ಲಿ ನೋಟಾಕ್ಕೆ ಎಷ್ಟೇ ಬಂದರೂ ಅಭ್ಯರ್ಥಿಗಳ ಪೈಕಿ ಹೆಚ್ಚು ಮತ ಪಡೆದವರೇ ಗೆದ್ದಂತೆ. 2024ರಲ್ಲಿ ಇಂದೋರ್‌ನಲ್ಲಿ ನೋಟಾಕ್ಕೆ 2.18 ಲಕ್ಷಕ್ಕೂ ಹೆಚ್ಚು ಮತ ಬಿತ್ತು, ಗೆದ್ದವರು ಹತ್ತು ಲಕ್ಷಕ್ಕೂ ಮೀರಿದ ಅಂತರದಿಂದ ಗೆದ್ದರು. ನೋಟಾ ಒತ್ತುವುದು ನಿಮ್ಮ ಹಕ್ಕು, ಅಸಮ್ಮತಿಯನ್ನು ದಾಖಲಿಸಲು ಗೌರವದ ದಾರಿಯೂ ಹೌದು. ಆದರೆ ಇರುವವರಲ್ಲಿ ಯಾರಾಗಬೇಕು ಎಂಬ ತೀರ್ಮಾನವನ್ನು ಉಳಿದವರ ಕೈಗೆ ಒಪ್ಪಿಸಿದಂತೆ. ಎಲ್ಲರ ಪ್ರಮಾಣಪತ್ರ ಓದಿದ ಮೇಲೂ ಕೈ ಅಲ್ಲಿಗೇ ಹೋದರೆ ಒತ್ತಿ. ಓದದೆ ಒತ್ತಬೇಡಿ.

ಕೊನೆಗೆ ಅಮ್ಮನ ಭಯ. ಯಾರಿಗೆ ಹಾಕಿದಿರೆಂದು ತಿಳಿಯುವುದಿಲ್ಲ. ಮತಗಟ್ಟೆಯಲ್ಲಿ ಮತ ಹಾಕಲು ಬಂದವರನ್ನು ದಾಖಲಿಸುವ 17ಎ ಪುಸ್ತಕದಲ್ಲಿ ನಿಮ್ಮ ಕ್ರಮಸಂಖ್ಯೆ ಬರೆದು ಸಹಿ ಪಡೆಯುತ್ತಾರೆ, ಬೆರಳಿಗೆ ಮೈಸೂರಿನ ಶಾಯಿ ಹಚ್ಚುತ್ತಾರೆ. ನೀವು ಯಾವ ಗುಂಡಿ ಒತ್ತಿದಿರಿ ಎಂಬುದಕ್ಕೆ ಆ ಪುಸ್ತಕದಲ್ಲಿ ಜಾಗವೇ ಇಲ್ಲ. ಹಾಕಿದ ಮತವನ್ನು ಚೀಟಿಯಲ್ಲಿ ತೋರಿಸುವ ವಿವಿಪ್ಯಾಟ್ ಯಂತ್ರದಲ್ಲಿ 7 ಸೆಕೆಂಡು ಕಾಣುವ ಚೀಟಿಯಲ್ಲಿ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರುತ್ತದೆ, ಮತದಾರರ ಗುರುತು ಇರುವುದಿಲ್ಲ. ಹಣ ಹಂಚುವವರ ಮಾತಿನಲ್ಲಿ ಒಂದು ಎಳೆ ನಿಜವಿದೆ, ಅದನ್ನು ಹಿಡಿದುಕೊಂಡೇ ಅವರು ಹೆದರಿಸುವುದು. ಮತಗಟ್ಟೆವಾರು ಲೆಕ್ಕ ಹೊರಗೆ ಬರುತ್ತದೆ. ಹಾಗಾಗಿ ನಿಮ್ಮ ಕೇರಿಯ ಒಟ್ಟು ಒಲವು ಎತ್ತ ಎಂದು ಅವರಿಗೆ ಅಂದಾಜು ಸಿಗುತ್ತದೆ. ಮನೆಯದು ಸಿಗುವುದಿಲ್ಲ, ಅಮ್ಮನದಂತೂ ಸಾಧ್ಯವೇ ಇಲ್ಲ. ಮೊಬೈಲಿನಲ್ಲಿ ಫೋಟೊ ತೆಗೆದು ತೋರಿಸು ಎಂದು ಯಾರಾದರೂ ಹೇಳಿದರೆ, ಮೊಬೈಲ್ ಒಳಗೆ ಬಿಡುವುದಿಲ್ಲ ಎಂಬುದೇ ಸಾಕಾದ ಉತ್ತರ.

ಆಣೆಯ ಬಗ್ಗೆ ಏನು ಹೇಳಲಿ? ಒಂದು ಹಳ್ಳಿಯ ಮತಗಟ್ಟೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದರು. ಶಾಯಿ ಹಚ್ಚಿಸಿಕೊಂಡು ನೇರ ನನ್ನ ಮೇಜಿಗೆ ಬಂದು, ಬಗ್ಗಿ, ಗುಟ್ಟಿನ ದನಿಯಲ್ಲಿ, ‘ಸ್ವಾಮಿ, ಬೇರೆಯದು ಒತ್ತಿದರೆ ದುಡ್ಡು ವಾಪಸ್ ಕೊಡಬೇಕಾ?’ ಎಂದು ಕೇಳಿದರು. ಏಜೆಂಟರು ನಾಲ್ವರೂ ಕತ್ತೆತ್ತಿ ನೋಡಿದರು. ನಾನು ಅಲ್ಲಿ ಏನೂ ಹೇಳುವಂತಿರಲಿಲ್ಲ. ‘ಅಜ್ಜಿ, ಆ ರಟ್ಟಿನ ಹಿಂದೆ ಹೋದರೆ ನಿಮ್ಮನ್ನು ಯಾರೂ ನೋಡುವುದಿಲ್ಲ’ ಎಂದಷ್ಟೇ ಹೇಳಿದೆ. ಅವರು ಹೋದರು, ಬಹಳ ಹೊತ್ತು ನಿಂತರು, ಬೀಪ್ ಸದ್ದು ಬಂತು. ಹೊರಗೆ ಹೋಗುವಾಗ ಅವರ ಮುಖದಲ್ಲಿದ್ದ ನಗುವಿನ ಅರ್ಥ ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಾಗಬಾರದು ಎಂಬುದೇ ಆ ರಟ್ಟಿನ ಉದ್ದೇಶ.

ಕಾನೂನಿನ ಪ್ರಕಾರ ಮತಕ್ಕಾಗಿ ಹಣ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ, ಒಂದು ವರ್ಷದವರೆಗೆ ಸಜೆ ಆಗಬಹುದು. ಅಪರಾಧ ಮಾಡಲು ಮಾಡಿಸಿಕೊಂಡ ಆಣೆಗೆ ಯಾವ ನ್ಯಾಯಾಲಯವೂ ಬೆಲೆ ಕೊಡುವುದಿಲ್ಲ. ದೇವರ ಲೆಕ್ಕ ನನ್ನ ವಿಷಯವಲ್ಲ. ಈ ಸಲ ಬಾಗಿಲಿಗೆ ಬಂದರೆ ತೆಗೆದುಕೊಳ್ಳದಿರುವುದೇ ಅಮ್ಮನಿಗೆ ನಿರಾಳ, ಫೋಟೊ ಮುಟ್ಟುವ ಪ್ರಸಂಗವೇ ಬರುವುದಿಲ್ಲ. ದೂರು ಕೊಡುವ ಧೈರ್ಯವಿದ್ದರೆ ಸಿ-ವಿಜಿಲ್ ಆ್ಯಪ್ ಇದೆ, ಹೆಸರು ಹೇಳದೆಯೂ ದೂರು ಕೊಡಬಹುದು. ಊರಿನಲ್ಲಿ ಬಾಳಬೇಕಾದವರು ನೀವು, ಆ ತೀರ್ಮಾನ ನಿಮ್ಮದೇ.

ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ಎಂದು ಇಂದೇ ನೋಡಿಕೊಳ್ಳಿ. ಗುರುತಿನ ಚೀಟಿ ಕೈಯಲ್ಲಿದ್ದೂ ಪಟ್ಟಿಯಲ್ಲಿ ಹೆಸರಿಲ್ಲದೆ ಬಾಗಿಲಿನಿಂದಲೇ ವಾಪಸು ಹೋದವರನ್ನು ಪ್ರತಿ ಚುನಾವಣೆಯಲ್ಲೂ ಕಂಡಿದ್ದೇನೆ. ಇಲ್ಲದಿದ್ದರೆ 6ನೇ ನಮೂನೆಯಲ್ಲಿ ಅರ್ಜಿ ಹಾಕಿ, ಅಧಿಸೂಚನೆ ಹೊರಡುವ ತನಕ ಕಾಯಬೇಡಿ.

ಚಿತ್ರವನ್ನು ನಾನೂ ನೋಡಿದೆ. ತಾಯಿಯ ಪಾತ್ರ ಮಾಡಿದ ಕಲಾವಿದೆ ಒಲೆಯ ಮುಂದೆ ಕೂತು ಖಾಲಿ ಪಾತ್ರೆಯಲ್ಲಿ ಸೌಟು ಆಡಿಸುವ ದೃಶ್ಯದಲ್ಲಿ ನನ್ನ ಕಣ್ಣೂ ಒದ್ದೆಯಾಯಿತು. ಇಂಟರ್ವಲ್ ಆದ ಮೇಲೆ ಇಪ್ಪತ್ತು ನಿಮಿಷ ಕತ್ತರಿಸಬಹುದಿತ್ತು, ಆ ಹೆಲಿಕಾಪ್ಟರ್ ಹಾಡು ಬೇಕಾಗಿರಲಿಲ್ಲ. ನನ್ನ ಮತ ಯಾರಿಗೆ ಎಂದು ಮಾತ್ರ ಕೇಳಬೇಡಿ.